ಖರ್ಚು ಮೊದಲು, ಅನುದಾನ ಆಮೇಲೆ

ಮಂಡ್ಯ, ತುಮಕೂರು, ಹಾಸನದ ಕಡೆ ಹಳ್ಳಿಯಲ್ಲಿ ಪೌರಾಣಿಕ ನಾಟಕ ಆಗಬೇಕಾದರೆ ದುರ್ಯೋಧನನೇ ಕೈಯಿಂದ ದುಡ್ಡು ಹಾಕಬೇಕು. ಕೃಷ್ಣನೂ ಹಾಕಬೇಕು, ಕರ್ಣನೂ ಹಾಕಬೇಕು. ಪಾತ್ರ ದೊಡ್ಡದಾದಷ್ಟೂ ವಂತಿಗೆ ಜಾಸ್ತಿ. ಹಾರ್ಮೋನಿಯಂ ಮೇಷ್ಟ್ರಿಗೆ ಕೊಡುವುದು, ತಬಲದವರಿಗೆ ಕೊಡುವುದು, ಸೀನರಿ, ಡ್ರೆಸ್ಸು, ಮೇಕಪ್ಪು, ಮೈಕು, ಪಟ್ಟಣದಿಂದ ಬರುವ ನಟಿಯರ ಸಂಭಾವನೆ ಎಲ್ಲವೂ ಆ ವಂತಿಗೆಯಿಂದಲೇ ಹೋಗಬೇಕು. ನೋಡಲು ಬಂದವರಿಗೆ ಟಿಕೆಟ್ ಇಲ್ಲ. ನಡುವೆ ಬೀಗರು ವೇದಿಕೆ ಹತ್ತಿ ದುರ್ಯೋಧನನಿಗೆ ಹಾರ ಹಾಕುತ್ತಾರೆ, ಯಾರು ಎಷ್ಟು ಕೊಟ್ಟರು ಅಂತ ಮೈಕಿನಲ್ಲಿ ಕೂಗುತ್ತಾರೆ. ಅಷ್ಟು ಹೊತ್ತು ಮಹಾಭಾರತ ಯುದ್ಧ ನಿಂತಿರುತ್ತದೆ.

ಲೆಕ್ಕಪರಿಶೋಧಕನಾಗಿ ನನಗೆ ಈ ವ್ಯವಸ್ಥೆಯ ಮೇಲೆ ಗೌರವವಿದೆ. ಸರ್ಕಾರದ ಒಂದು ರೂಪಾಯಿ ಇಲ್ಲದೆ ಒಂದು ಕಲೆ ಇಷ್ಟು ವರ್ಷ ಉಳಿದಿದೆ. ಆದರೆ ಇದರಲ್ಲಿ ಒಂದು ತೊಡಕೂ ಇದೆ. ಚೆನ್ನಾಗಿ ಹಾಡುವ ಹುಡುಗನ ಹತ್ತಿರ ದುಡ್ಡಿಲ್ಲದಿದ್ದರೆ ಅವನಿಗೆ ಸಾರಥಿಯ ಪಾತ್ರ. ಜಮೀನು ಮಾರಿದವನಿಗೆ ದುರ್ಯೋಧನ. ಇನ್ನು ಊರಿನ ಹೆಂಗಸರು ಚಾಪೆ ಹಾಸಿಕೊಂಡು ನೋಡುವವರಾಗಿಯೇ ಉಳಿದರು.

ಕರಾವಳಿಯಲ್ಲಿ ಲೆಕ್ಕ ಬೇರೆ. ಕಟೀಲು, ಧರ್ಮಸ್ಥಳ, ಮಂದಾರ್ತಿಯ ಯಕ್ಷಗಾನ ಮೇಳಗಳಿಗೆ ಹರಕೆ ಹೊತ್ತ ಕುಟುಂಬ ದುಡ್ಡು ಕೊಡುತ್ತದೆ. ಕಲಾವಿದನಿಗೆ ಮೇಳದಿಂದ ಸಂಬಳ. ನೋಡುವವರಿಗೆ ಆಟ ಪುಕ್ಕಟೆ, ಎಷ್ಟೋ ಕಡೆ ಊಟವೂ ಉಂಟು. ಕಟೀಲಿನ ಆಟಕ್ಕೆ ಹರಕೆ ಹೊತ್ತವರು ತಮ್ಮ ಸರದಿಗಾಗಿ ವರ್ಷಗಟ್ಟಲೆ ಕಾಯುತ್ತಾರೆ. ಕಲಾವಿದನೂ ಉಳಿಯಬೇಕು, ಬಡವನೂ ನೋಡಬೇಕು ಅನ್ನುವ ಎರಡೂ ಇದರಲ್ಲಿ ಒಟ್ಟಿಗೆ ನಡೆದಿವೆ. ಆದರೆ ಇದು ದೇವಸ್ಥಾನ ಮತ್ತು ಭಕ್ತಿ ಇದ್ದ ಕಡೆ ನಿಲ್ಲುವ ವ್ಯವಸ್ಥೆ. ದೊಡ್ಡಾಟಕ್ಕೆ, ತೊಗಲುಗೊಂಬೆಗೆ, ಹಲಗೆ ಮೇಳಕ್ಕೆ ಇಂಥ ಆಸರೆ ಇಲ್ಲ. ಅವರಿಗೆ ಉಳಿದದ್ದು ಅನುದಾನ.

ಕಲಾ ಸಂಘಗಳ ಲೆಕ್ಕ ಬರೆಯುವುದು, ಆಡಿಟ್ ಮಾಡುವುದು ನನ್ನ ಕೆಲಸದ ಒಂದು ಭಾಗ. ಬಂದವರೆಲ್ಲ ಮೊದಲು ಕೇಳುವುದು ಒಂದೇ: ‘ಸಾರ್, ನಮ್ಮ ಸಂಘಕ್ಕೆ ಎಷ್ಟು ಸಿಗಬಹುದು?’ ನಾನು ತಿರುಗಿ ಕೇಳುವುದು: ‘ಯಾವಾಗ ಸಿಕ್ಕರೆ ನಡೆಯುತ್ತದೆ?’ ಯಾಕೆಂದರೆ ನನ್ನ ಮುಂದೆ ಬರುವ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣುವುದು ಹೀಗೆ. ಕಾರ್ಯಕ್ರಮ ಡಿಸೆಂಬರಿನಲ್ಲಿ. ಬಿಲ್ಲು ಸಲ್ಲಿಸಿದ್ದು ಜನವರಿಯಲ್ಲಿ. ದುಡ್ಡು ಬ್ಯಾಂಕಿಗೆ ಬಿದ್ದದ್ದು ಮಾರ್ಚ್ ಕೊನೆಗೆ, ಇಲ್ಲವಾದರೆ ಮುಂದಿನ ಆರ್ಥಿಕ ವರ್ಷದಲ್ಲಿ.

ಒಂದು ಲೆಕ್ಕ ಹಾಕಿ ನೋಡೋಣ. ಒಂದು ತಂಡ ₹50,000 ಖರ್ಚು ಮಾಡಿ ಪ್ರದರ್ಶನ ಕೊಟ್ಟಿತು ಅಂದುಕೊಳ್ಳಿ. ತಂಡದ ಹತ್ತಿರ ಗಂಟಿಲ್ಲ. ಯಜಮಾನರು ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಸಾಲ ತಂದರು. ಹಳ್ಳಿಯಲ್ಲಿ ಇದು ದುಬಾರಿ ಬಡ್ಡಿಯೇನಲ್ಲ. ಅನುದಾನ ಬರುವುದು ಎಂಟು ತಿಂಗಳು ತಡವಾದರೆ ಬಡ್ಡಿಯೇ ₹12,000. ಈ ₹12,000ಕ್ಕೆ ಯಾವ ಅರ್ಜಿಯಲ್ಲೂ ಕಾಲಂ ಇಲ್ಲ. ಶಾಮಿಯಾನ ಬಿಲ್ಲು ಹಾಕಬಹುದು, ಊಟದ ಬಿಲ್ಲು ಹಾಕಬಹುದು, ಬಡ್ಡಿಯ ಬಿಲ್ಲು ಹಾಕಲು ಬರುವುದಿಲ್ಲ. ಬೆಂಗಳೂರಿನ ಸಂಸ್ಥೆಯೊಂದಕ್ಕೆ ಇದೇ ತಡವಾದರೆ ತೊಂದರೆ ಸ್ವಲ್ಪವೇ. ಅವರ ಖಾತೆಯಲ್ಲಿ ಠೇವಣಿ ಇದೆ, ತರಗತಿಗಳ ಫೀಸು ಬರುತ್ತದೆ, ಪೋಷಕರಿದ್ದಾರೆ. ಆದೇಶದಲ್ಲಿ ಇಬ್ಬರಿಗೂ ₹50,000 ಅಂತಲೇ ಇರುತ್ತದೆ. ಕೈಗೆ ಬಂದದ್ದು ಒಬ್ಬರಿಗೆ ₹50,000, ಇನ್ನೊಬ್ಬರಿಗೆ ₹38,000. ಅದಕ್ಕೇ ಅನುದಾನದ ಮೊತ್ತ ಹೆಚ್ಚಿಸಿ ಅನ್ನುವ ಬೇಡಿಕೆಗಿಂತ ಅರ್ಧವನ್ನಾದರೂ ಮುಂಗಡ ಕೊಡಿ ಅನ್ನುವುದು ದೊಡ್ಡ ಬೇಡಿಕೆ ಅನ್ನುತ್ತೇನೆ ನಾನು.

ಮುಂಗಡ ಕೊಟ್ಟರೆ ದುಡ್ಡು ತಿಂದು ಹೋಗುತ್ತಾರೆ ಅನ್ನುವ ಮಾತು ತಕ್ಷಣ ಬರುತ್ತದೆ. ಬರಲಿ. ಲೆಟರ್‌ಹೆಡ್ ಸಂಘಗಳು ಇವೆ ಅನ್ನುವುದು ಎಲ್ಲರಿಗೂ ಗೊತ್ತು. ಒಂದೇ ಮನೆಯ ಗಂಡ, ಹೆಂಡತಿ, ಭಾವಮೈದುನ ಸೇರಿ ಒಂದು ಸಂಘ. ಬ್ಯಾನರ್ ಬದಲಾಯಿಸಿ ಅದೇ ಸಭಾಂಗಣದಲ್ಲಿ ಫೋಟೊ. ಇವರನ್ನು ತಡೆಯಲು ಅರ್ಜಿಗೆ ಒಂದೊಂದೇ ಹೊಸ ಕಾಗದ ಸೇರುತ್ತಾ ಬಂತು. ಮೂರು ವರ್ಷದ ಆಡಿಟ್, ಚಟುವಟಿಕೆ ವರದಿ, ಪತ್ರಿಕಾ ತುಣುಕು, ಫೋಟೊ, ವಿಡಿಯೊ. ನನ್ನ ಅನುಭವ ಹೇಳುತ್ತೇನೆ: ಸುಳ್ಳು ಸಂಘದ ಫೈಲು ಯಾವಾಗಲೂ ಅಚ್ಚುಕಟ್ಟಾಗಿರುತ್ತದೆ. ಕಾಗದ ಜೋಡಿಸುವುದೇ ಅವರ ಕಸುಬು. ನಿಜವಾದ ತಂಡದ ಫೈಲಿನಲ್ಲಿ ಎಣ್ಣೆ ಕಲೆ ಇರುತ್ತದೆ, ಒಂದು ವರ್ಷದ ರಸೀದಿ ಕಾಣೆಯಾಗಿರುತ್ತದೆ. ಕಾಗದದ ಬೇಲಿ ಎತ್ತರ ಮಾಡಿದಷ್ಟೂ ಹೊರಗೆ ಉಳಿಯುವವರು ಇವರೇ. ಕಾರ್ಯಕ್ರಮದ ದಿನ ಒಬ್ಬ ಸಿಬ್ಬಂದಿಯನ್ನು ಸ್ಥಳಕ್ಕೆ ಕಳಿಸಿ ನೋಡಿದರೆ ಇದರ ಅರ್ಧ ಕಾಗದ ಬೇಕಾಗುವುದಿಲ್ಲ.

ಮೊದಲ ಬೇಲಿ ನೋಂದಣಿ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರ ಅಡಿ ಏಳು ಜನ ಸೇರಿದರೆ ಸಂಘ ಆಗುತ್ತದೆ. ಅದು ಸುಲಭ. ಕಷ್ಟ ಇರುವುದು ಅದನ್ನು ಜೀವಂತ ಇಡುವುದರಲ್ಲಿ. ಪ್ರತಿ ವರ್ಷ ಸರ್ವಸದಸ್ಯರ ಸಭೆ ಆಗಬೇಕು, ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು. ತಂಡಗಳು ಇದನ್ನು ನಾಲ್ಕೈದು ವರ್ಷ ಮರೆತುಬಿಡುತ್ತವೆ. ಆಮೇಲೆ ಅನುದಾನದ ಪ್ರಕಟಣೆ ಬಂದಾಗ ಎಲ್ಲಾ ವರ್ಷದ್ದನ್ನೂ ದಂಡದ ಜೊತೆ ಒಟ್ಟಿಗೆ ಕಟ್ಟಲು ಓಡುತ್ತಾರೆ.

ಎರಡನೆಯದು ಆನ್‌ಲೈನ್. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಅರ್ಜಿಗಳು ಈಗ ಸೇವಾಸಿಂಧು ಪೋರ್ಟಲ್‌ನಲ್ಲಿ. ಇದರಿಂದ ಜಿಲ್ಲಾ ಕಚೇರಿಗೆ ಅಲೆಯುವುದು ಕಡಿಮೆಯಾಗಿದೆ, ನಿಜ. ಆದರೆ ‘ಪ್ರಾಯೋಜನೆ’ ಮತ್ತು ‘ಧನಸಹಾಯ’ ಎರಡು ಬೇರೆ ಬೇರೆ ಅನುದಾನ ಅಂತ ಸೈಬರ್ ಸೆಂಟರ್ ಹುಡುಗನಿಗೆ ಗೊತ್ತಿರುವುದಿಲ್ಲ. ಅರ್ಜಿ ತಪ್ಪು ಕಡೆ ಹೋಗುತ್ತದೆ, ಒಂದು ವರ್ಷ ಹೋಯಿತು. ಇಡೀ ಕಾರ್ಯಕ್ರಮ ಮುಗಿದ ಮೇಲೆ ‘ದಾಖಲೆ ಅಸ್ಪಷ್ಟ’ ಅಂತ ಮೆಸೇಜು ಬಂದದ್ದನ್ನೂ ನೋಡಿದ್ದೇನೆ. ಮೆಸೇಜು ಹೋದ ಮೊಬೈಲ್ ನಂಬರು ಸಂಘದ ಯಾವ ಸದಸ್ಯನದೂ ಅಲ್ಲ, ಸೈಬರ್ ಹುಡುಗನದೇ ಆಗಿತ್ತು.

ಹೆಚ್ಚಾಗಿ ಪರಿಶಿಷ್ಟ ಜಾತಿಯವರೇ ಇರುವ ಹಲಗೆ, ತಮಟೆಯಂಥ ತಂಡಗಳ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. 2013ರ ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಬುಡಕಟ್ಟು ಉಪಯೋಜನೆ ಕಾಯ್ದೆಯ ಪ್ರಕಾರ ರಾಜ್ಯದ ಯೋಜನಾ ಹಣದಲ್ಲಿ ಪರಿಶಿಷ್ಟರ ಜನಸಂಖ್ಯೆಗೆ ತಕ್ಕ ಪಾಲು ಅವರಿಗಾಗಿಯೇ ಇಡಬೇಕು. 2011ರ ಜನಗಣತಿಯಂತೆ ಅದು ಶೇ. 17.15 ಮತ್ತು ಶೇ. 6.95, ಒಟ್ಟು ಶೇ. 24.1. ವಾದ್ಯ ಮತ್ತು ವೇಷಭೂಷಣ ಕೊಳ್ಳಲು, ಗುರುಶಿಷ್ಯ ಪರಂಪರೆಯ ತರಬೇತಿಗೆ ಈ ಹಣದಿಂದ ಸಹಾಯ ಸಿಗುತ್ತದೆ. ಹೀಗಾಗಿ ಇವರಿಗೆ ಹಣವೇ ಇಲ್ಲ ಅನ್ನಲು ಬರುವುದಿಲ್ಲ. ಸಮಸ್ಯೆ ಇರುವುದು ಬೇರೆ ಕಡೆ. ಮದುವೆಗೆ, ಸಾವಿಗೆ, ಹಬ್ಬಕ್ಕೆ ಕರೆದಾಗ ಸೇರುವ ಐದಾರು ಜನ ತಮ್ಮನ್ನು ಸಂಘ ಅಂತ ಅಂದುಕೊಂಡೇ ಇಲ್ಲ. ಅವರಿಗೆ ಅಧ್ಯಕ್ಷ, ಖಜಾಂಚಿ ಇಲ್ಲ. ಕೊಟ್ಟ ಕೂಲಿ ಅಂದೇ ಹಂಚಿಕೊಂಡು ಹೋಗುತ್ತಾರೆ. ಸರ್ಕಾರಿ ಮೆರವಣಿಗೆಯಲ್ಲಿ ಮುಂದೆ ಕುಣಿಯುವುದು ಇವರೇ. ಆದರೆ ಎಷ್ಟೋ ಸಲ ಇವರನ್ನು ಕರೆತಂದ ಮಧ್ಯವರ್ತಿಯ ಸಂಘದ ಖಾತೆಗೆ ಹಣ ಬಿದ್ದು, ಅಲ್ಲಿಂದ ಇವರ ಕೈಗೆ ಬರುವಾಗ ಕರಗಿರುತ್ತದೆ. ಇದಕ್ಕೆ ಮದ್ದು ಸರಳ. ಪ್ರತಿ ಕಲಾವಿದನ ಖಾತೆಗೆ ನೇರವಾಗಿ ಹಾಕಬೇಕು. ಹಾಗೆ ಮಾಡಿದ ಕಡೆ ಮಧ್ಯವರ್ತಿಗಳ ಉತ್ಸಾಹ ಬೇಗ ಕಡಿಮೆಯಾಗಿದ್ದನ್ನು ಕಂಡಿದ್ದೇನೆ.

ಕೇಂದ್ರದ ಸಂಸ್ಕೃತಿ ಸಚಿವಾಲಯದ ರೆಪರ್ಟರಿ ಅನುದಾನವೂ ಇದೆ, ಅಂದರೆ ಗುರು, ಶಿಷ್ಯರ ಕಾಯಂ ತಂಡಕ್ಕೆ ಕೊಡುವುದು. ಗುರುವಿಗೆ ತಿಂಗಳಿಗೆ ₹15,000, ಶಿಷ್ಯರಿಗೆ ವಯಸ್ಸಿನ ಮೇಲೆ ₹2,000ದಿಂದ ₹10,000. ಅರ್ಜಿ, ಪತ್ರವ್ಯವಹಾರ ಎಲ್ಲಾ ಇಂಗ್ಲಿಷ್ ಅಥವಾ ಹಿಂದಿಯಲ್ಲಿ, ಆದ್ದರಿಂದ ನನ್ನ ಸುತ್ತಿನ ಹಳ್ಳಿ ತಂಡಗಳು ಅದರ ಹತ್ತಿರವೂ ಹೋಗುವುದಿಲ್ಲ. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣವನ್ನು ಕಲೆಗೆ ಬಳಸಲು ಕಾನೂನಿನಲ್ಲಿ ಅವಕಾಶ ಇದೆ. ಆದರೆ ಪಡೆಯುವ ಸಂಸ್ಥೆಗೆ ಸಿಎಸ್‌ಆರ್-1 ಅನ್ನುವ ನೋಂದಣಿ ಬೇಕು, ಆದಾಯ ತೆರಿಗೆ ಇಲಾಖೆಯ ದತ್ತಿ ಸಂಸ್ಥೆ ನೋಂದಣಿಯೂ ಬೇಕು. ಕಂಪನಿಗಳೂ ತಮ್ಮ ಕಾರ್ಖಾನೆಯ ಸುತ್ತಮುತ್ತಲಿಗೇ ಮೊದಲ ಆದ್ಯತೆ ಕೊಡುತ್ತವೆ. ಕಾರ್ಖಾನೆ ಇಲ್ಲದ ತಾಲ್ಲೂಕಿಗೆ ಇದು ಬರುವ ಹಣವಲ್ಲ, ಸುಮ್ನೆ ಆಸೆ ಇಟ್ಟುಕೊಳ್ಳಬಾರದು.

ನೋಡುವವರ ಕಡೆಯಿಂದಲೂ ಒಂದು ಮಾತು. ಬೆಂಗಳೂರಿನಲ್ಲಿ ರವೀಂದ್ರ ಕಲಾಕ್ಷೇತ್ರ ಬಂದದ್ದು 1963ರಲ್ಲಿ. ಆಮೇಲೆ ಜಿಲ್ಲೆಗಳಲ್ಲೂ ರಂಗಮಂದಿರಗಳು ಎದ್ದವು. ಆದರೆ ರಾತ್ರಿ ಒಂಬತ್ತೂವರೆಗೆ ನಾಟಕ ಮುಗಿದರೆ ಇಪ್ಪತ್ತು ಕಿಲೋಮೀಟರ್ ದೂರದ ಹಳ್ಳಿಗೆ ಬಸ್ಸು ಎಲ್ಲಿದೆ? ಹೆಣ್ಣುಮಕ್ಕಳು ಹೇಗೆ ಬರುತ್ತಾರೆ? ಕಟ್ಟಡಕ್ಕೆ ಕೋಟಿ ಸುರಿದು, ಅದರೊಳಗೆ ಜನ ಬರುವ ದಾರಿಗೆ ಏನೂ ಇಡದಿರುವುದು ನನಗೆ ಲೆಕ್ಕದ ತಪ್ಪಾಗಿ ಕಾಣುತ್ತದೆ. ಹೆಗ್ಗೋಡಿನ ನೀನಾಸಂ 1985ರಲ್ಲಿ ತಿರುಗಾಟ ಶುರು ಮಾಡಿತು. ಸಾಣೇಹಳ್ಳಿಯ ಶಿವಸಂಚಾರ 1997ರಲ್ಲಿ ಬಂತು. ಎರಡೂ ನಾಟಕವನ್ನೇ ಲಾರಿ, ಬಸ್ಸು ಹತ್ತಿಸಿ ಊರಿಗೆ ಕಳಿಸಿದವು. ಊರಿನವರು ವೇದಿಕೆ, ಊಟ, ವಸತಿ, ಒಂದು ಮೊತ್ತ ಹೊಂದಿಸುತ್ತಾರೆ, ಅಷ್ಟೇ. ಪ್ರೇಕ್ಷಕನಿಗೆ ತಲುಪುವ ಖರ್ಚನ್ನು ತಂಡವೂ ಊರೂ ಹಂಚಿಕೊಂಡ ಈ ಲೆಕ್ಕ ಕಟ್ಟಡಕ್ಕಿಂತ ಎಷ್ಟೋ ಅಗ್ಗ.

ಇನ್ನೊಂದು, ಬೆಳಗಿನ ತನಕ ಆಡುವ ಆಟಗಳಿಗೆ 2000ದ ಶಬ್ದಮಾಲಿನ್ಯ ನಿಯಮ ಅಡ್ಡ ಬಂತು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಇಲ್ಲ. ವರ್ಷಕ್ಕೆ 15 ದಿನ ಮಾತ್ರ ರಾಜ್ಯ ಸರ್ಕಾರ 12ರವರೆಗೆ ಸಡಿಲಿಸಬಹುದು. ಯಕ್ಷಗಾನ ಕಾಲಮಿತಿಗೆ ಬಂದದ್ದರ ಹಿಂದೆ ಇದೂ ಒಂದು ಕಾರಣ. ಹಳಬರಿಗೆ ಬೇಸರ, ಮರುದಿನ ಕೆಲಸಕ್ಕೆ ಹೋಗುವವರಿಗೆ ಅನುಕೂಲ. ನನಗಂತೂ ಮನೆಗೆ ಹೋಗಿ ಮಲಗುವುದಕ್ಕಾಯಿತು.

ಈಗ ನನಗೆ ತುಂಬಾ ಮುಖ್ಯ ಅನ್ನಿಸುವ ವಿಷಯ. ಕಲೆಗೆ ದುಡ್ಡು ಕೊಡುವುದು ಬೆಂಗಳೂರಿನ ಕೆಲಸ ಅಂತ ನಾವೆಲ್ಲ ನಂಬಿಬಿಟ್ಟಿದ್ದೇವೆ, ಅಲ್ವಾ? ಸಂವಿಧಾನದ ಹನ್ನೊಂದನೇ ಅನುಸೂಚಿ ತೆಗೆದು ನೋಡಿ. ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಲ್ಲಿ 20ನೆಯದು ಗ್ರಂಥಾಲಯ, 21ನೆಯದು ಸಾಂಸ್ಕೃತಿಕ ಚಟುವಟಿಕೆ. ನಗರಸಭೆಗಳಿಗೆ ಹನ್ನೆರಡನೇ ಅನುಸೂಚಿಯಲ್ಲೂ ಇಂಥದ್ದೇ ಒಂದು ಸಾಲು ಇದೆ. ಗ್ರಂಥಾಲಯಕ್ಕೆ 1965ರ ಕಾಯ್ದೆಯಿಂದ ಸೆಸ್ ಸಿಕ್ಕಿತು. ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ. 6 ಅದಕ್ಕೇ ಅಂತ ವಸೂಲಾಗುತ್ತದೆ. ಅದು ಗ್ರಂಥಾಲಯಕ್ಕೆ ಸರಿಯಾಗಿ ತಲುಪುತ್ತದೆಯೇ ಅನ್ನುವುದು ಬೇರೆ ಜಗಳ, ಆದರೆ ಕೇಳಲು ಒಂದು ಹಕ್ಕಾದರೂ ಇದೆ. ಪಕ್ಕದ ಸಾಲಿನಲ್ಲೇ ಇರುವ ಸಾಂಸ್ಕೃತಿಕ ಚಟುವಟಿಕೆಗೆ ಅಂಥ ಸೆಸ್ ಇಲ್ಲ.

ಹಾಗಂತ ದಾರಿ ಪೂರ್ತಿ ಮುಚ್ಚಿಲ್ಲ. 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇ. 60 ನೀರು, ನೈರ್ಮಲ್ಯಕ್ಕೆ ಕಟ್ಟಿಟ್ಟದ್ದು. ಉಳಿದ ಶೇ. 40 ಅನಿರ್ಬಂಧಿತ. ಸಂಬಳ ಮತ್ತು ಕಚೇರಿ ಖರ್ಚು ಬಿಟ್ಟು ಆ 29 ವಿಷಯಗಳಲ್ಲಿ ಊರಿಗೆ ಬೇಕಾದ್ದಕ್ಕೆ ಬಳಸಬಹುದಿತ್ತು. ಅಂದರೆ ಬಯಲು ರಂಗಮಂಟಪಕ್ಕೆ ಚಾವಣಿ, ಮೂರು ಫೇಸ್ ಕರೆಂಟು, ಹೆಂಗಸರಿಗೆ ಶೌಚಾಲಯ ಇಂಥವನ್ನು ಕ್ರಿಯಾಯೋಜನೆಗೆ ಸೇರಿಸಲು ನಿಯಮ ಅಡ್ಡ ಬರುತ್ತಿರಲಿಲ್ಲ. ಸೇರದಿದ್ದದ್ದು ಹೆಚ್ಚಾಗಿ ಯಾರೂ ಗ್ರಾಮಸಭೆಯಲ್ಲಿ ಕೇಳದ ಕಾರಣಕ್ಕೆ. ಚರಂಡಿಗೆ ಹತ್ತು ಜನ ಕೈ ಎತ್ತುತ್ತಾರೆ, ರಂಗಮಂಟಪಕ್ಕೆ ನಾಟಕದ ಮೇಷ್ಟ್ರು ಒಬ್ಬರೇ.

ತಂಡದವರಿಗೆ ನಾನು ಹೇಳುವ ಕೆಲವು ಸಣ್ಣ ವಿಷಯಗಳನ್ನು ಇಲ್ಲೂ ಹೇಳುತ್ತೇನೆ. ಟೆಂಪೊದವನು, ಅಡುಗೆಯವನು ಜಿಎಸ್‌ಟಿ ಬಿಲ್ಲು ಕೊಡುವುದಿಲ್ಲ, ಸರಿ. ವೋಚರ್ ಬರೆಯಿರಿ. ಹೆಸರು, ಊರು, ಫೋನು, ಯಾವ ಕೆಲಸ, ಎಷ್ಟು, ಸಹಿ. ₹5,000 ದಾಟಿದರೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್. ಒಬ್ಬರಿಗೆ ಒಂದೇ ದಿನ ₹10,000ಕ್ಕಿಂತ ಜಾಸ್ತಿ ನಗದು ಕೊಡಬೇಡಿ, ಬ್ಯಾಂಕಿನಲ್ಲಿ ಹಾಕಿ. ಜಾನಪದ ಅಥವಾ ಶಾಸ್ತ್ರೀಯ ಕಲಾವಿದರ ಸಂಭಾವನೆ ಒಂದು ಪ್ರದರ್ಶನಕ್ಕೆ ₹1.5 ಲಕ್ಷದ ಒಳಗಿದ್ದರೆ ಜಿಎಸ್‌ಟಿ ಇಲ್ಲ, ನಾಟಕದ ಟಿಕೆಟ್ ₹500ರ ಒಳಗಿದ್ದರೂ ಇಲ್ಲ. ಯಾರೋ ಹೆದರಿಸಿದರು ಅಂತ ಕಟ್ಟಬೇಡಿ. ಆಡಿಟ್ ವರದಿಯಲ್ಲಿ ಯುಡಿಐಎನ್ (ಲೆಕ್ಕಪರಿಶೋಧಕರು ಪ್ರತಿ ವರದಿಗೂ ಹಾಕುವ ಗುರುತಿನ ಸಂಖ್ಯೆ) ಇದೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ಆ ವರದಿಗೆ ಬೆಲೆ ಇಲ್ಲ. ಸೇವಾಸಿಂಧುವಿನಲ್ಲಿ ಸಂಘದ ಖಜಾಂಚಿಯ ಸ್ವಂತ ನಂಬರು ಕೊಡಿ. ಮತ್ತೆ, ನಟರು ಕೊಟ್ಟ ವಂತಿಗೆಯನ್ನೂ ರಸೀದಿ ಹಾಕಿ ಪುಸ್ತಕದಲ್ಲಿ ತೋರಿಸಿ. ನಮ್ಮ ಕೈಯ ದುಡ್ಡು ತಾನೇ ಅಂತ ಎಲ್ಲರೂ ಬಿಡುತ್ತಾರೆ. ಸಂಘ ತಾನಾಗಿ ಎಷ್ಟು ಹೊಂದಿಸಿತು ಅನ್ನುವುದಕ್ಕೆ ಅದೇ ಸಾಕ್ಷಿ.

ಗ್ರಾಮಸಭೆಗೆ ಹೋಗುವಾಗ ಬಾಯಿಮಾತಿನಲ್ಲಿ ಕೇಳಬೇಡಿ. ಸಂಘದ ಠರಾವಿನ ಪ್ರತಿ ಮತ್ತು ಅಂದಾಜು ಪಟ್ಟಿ ಇಟ್ಟು ಪಿಡಿಒಗೆ ಅರ್ಜಿ ಕೊಡಿ, ‘ಹನ್ನೊಂದನೇ ಅನುಸೂಚಿ, ವಿಷಯ 21’ ಅಂತ ಮೊದಲ ಸಾಲಿನಲ್ಲೇ ಬರೆಯಿರಿ, ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ನಡಾವಳಿಯಲ್ಲಿ ನಿಮ್ಮ ಬೇಡಿಕೆ ದಾಖಲಾಯಿತೋ ಇಲ್ಲವೋ ಅಂತ ಒಂದು ವಾರ ಬಿಟ್ಟು ಹೋಗಿ ಓದಿ ನೋಡಿ. ಇಲ್ಲದಿದ್ದರೆ ಮುಂದಿನ ಸಭೆಗೆ ದ್ರೌಪದಿ, ಭೀಮ, ಸಾರಥಿ ಎಲ್ಲರನ್ನೂ ಕರೆದುಕೊಂಡು ಹೋಗಿ.