ಮೊದಲ ದಿನವೇ ಕೇಳಬೇಕಾದ ಆದೇಶ

‘ನಂಗೆ ಡೈವೋರ್ಸ್ ಬೇಡ ಮೇಡಂ, ಅವ್ರನ್ನ ಜೈಲಿಗೆ ಹಾಕ್ಸೋದೂ ಬೇಡ. ಹೊಡೆಯೋದು ನಿಂತ್ರೆ ಸಾಕು.’ ಅಂಕೋಲಾ, ಕುಮಟಾ ಕಡೆಯ ಮೀನುಗಾರರ ಮನೆಯಿಂದ ಬಂದವರೂ ಶಿರಸಿಯ ಅಡಿಕೆ ತೋಟದ ಮನೆಯಿಂದ ಬಂದವರೂ ನಮ್ಮಂಥ ವಕೀಲರ ಎದುರು ಕೂತು ಮೊದಲು ಹೇಳುವುದು ಇದನ್ನೇ. ಇಷ್ಟನ್ನು ಮಾತ್ರ ಕೇಳಲು ಒಂದು ಕಾನೂನು ಇದೆ ಎನ್ನುವುದು ಅವರಲ್ಲಿ ಬಹಳ ಮಂದಿಗೆ ಗೊತ್ತಿರುವುದಿಲ್ಲ.

2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಇದರ 18ನೇ ಕಲಂ ಪ್ರಕಾರ ಮ್ಯಾಜಿಸ್ಟ್ರೇಟರು ರಕ್ಷಣಾ ಆದೇಶ ಕೊಡಬಹುದು: ಹೊಡೆಯಬಾರದು, ಬೆದರಿಸಬಾರದು, ಕೆಲಸದ ಜಾಗಕ್ಕೆ ಬಂದು ಗಲಾಟೆ ಮಾಡಬಾರದು, ಫೋನಿನಲ್ಲಿ ಪೀಡಿಸಬಾರದು, ಒಡವೆಯನ್ನಾಗಲಿ ಜಂಟಿ ಖಾತೆಯ ಹಣವನ್ನಾಗಲಿ ಮುಟ್ಟಬಾರದು. ಮದುವೆ ಮುರಿಯಬೇಕಿಲ್ಲ, ಎಫ್‌ಐಆರ್ ಆಗಿರಬೇಕೆಂದೂ ಇಲ್ಲ. ಕ್ರೂರತೆಯ ಕ್ರಿಮಿನಲ್ ಕೇಸು, ಅಂದರೆ ಹಿಂದಿನ ಭಾರತೀಯ ದಂಡ ಸಂಹಿತೆಯ 498ಎ, ಈಗಿನ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ, ಬೇರೆಯೇ ದಾರಿ. ಬೇಕಿದ್ದರೆ ಅದನ್ನೂ ಹಿಡಿಯಬಹುದು.

ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ಮುಚ್ಚಳಿಕೆ. ಠಾಣೆಗೆ ಇಬ್ಬರನ್ನೂ ಕರೆಸಿ, ಬುದ್ಧಿ ಹೇಳಿ, ‘ಇನ್ನು ಮುಂದೆ ಹೀಗೆ ಮಾಡುವುದಿಲ್ಲ’ ಎಂದು ಬರೆಸಿಕೊಂಡು ಮನೆಗೆ ಕಳಿಸುತ್ತಾರೆ. ಒಂದಲ್ಲ, ನಾಲ್ಕು ಮುಚ್ಚಳಿಕೆಯ ಜೆರಾಕ್ಸ್ ಪ್ರತಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿಟ್ಟುಕೊಂಡು ಬರುವವರಿದ್ದಾರೆ. ಹಿಂಸೆ ಹಿಂದಿನಿಂದಲೂ ಇತ್ತು ಎಂದು ತೋರಿಸಲು ಆ ಕಾಗದ ಕೋರ್ಟಿನಲ್ಲಿ ಉಪಯೋಗಕ್ಕೆ ಬರುತ್ತದೆ, ಅಷ್ಟೆ. ರಕ್ಷಣಾ ಆದೇಶವನ್ನು ಮುರಿದರೆ ಮಾತ್ರ ಅದೇ ಒಂದು ಅಪರಾಧ. ಒಂದು ವರ್ಷದವರೆಗೆ ಸಜೆ, ಇಪ್ಪತ್ತು ಸಾವಿರದವರೆಗೆ ದಂಡ, ಅಥವಾ ಎರಡೂ. ಅದು ಜಾಮೀನುರಹಿತ.

ಅರ್ಜಿ ಹಾಕಬೇಕಾದದ್ದು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಕೋರ್ಟಿನಲ್ಲಿ, ನಾವು ಜೆಎಂಎಫ್‌ಸಿ ಅನ್ನುತ್ತೇವೆ. ಗಂಡ ಗೋವಾದಲ್ಲೋ ಮುಂಬಯಿಯಲ್ಲೋ ಇದ್ದರೆ ಅಲ್ಲಿಗೆ ಅಲೆಯಬೇಕಾಗಿಲ್ಲ. ತವರಿಗೆ ಬಂದು ತಾತ್ಕಾಲಿಕವಾಗಿ ಇದ್ದರೂ ತವರಿನ ಕೋರ್ಟಿಗೇ ಅಧಿಕಾರವಿದೆ, ಅದರ ಆದೇಶ ದೇಶವಿಡೀ ನಡೆಯುತ್ತದೆ. ಹೆಂಡತಿ ಮಾತ್ರವಲ್ಲ, ತಾಯಿ, ವಿಧವೆ ಸೊಸೆ, ಮದುವೆಯಾಗದೆ ಅಣ್ಣನ ಮನೆಯಲ್ಲಿರುವ ತಂಗಿ, ಮದುವೆಯಂತೆಯೇ ಜೊತೆಗೆ ಬಾಳಿದವಳು, ಎಲ್ಲರೂ ಕೇಳಬಹುದು. ಆಕೆಗೆ ಹೊರಗೆ ಬರಲು ಆಗದಿದ್ದರೆ ಅವಳ ಪರವಾಗಿ ಬೇರೆಯವರೂ ಅರ್ಜಿ ಹಾಕಬಹುದು. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ, ಜನ ಸಿಡಿಪಿಒ ಅನ್ನುವವರೇ, ಸಂರಕ್ಷಣಾ ಅಧಿಕಾರಿ. ಅವರು ಕೌಟುಂಬಿಕ ಘಟನಾ ವರದಿ ಮಾಡಿ ಕೋರ್ಟಿಗೆ ಕಳಿಸುತ್ತಾರೆ. ವರದಿ ಇದ್ದರೆ ಒಳ್ಳೆಯದು, ಆದರೆ ಅದಿಲ್ಲದೆಯೂ ಕೋರ್ಟು ಆದೇಶ ಮಾಡಬಹುದು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ಅರ್ಜಿ ಗೆಲ್ಲುವುದೂ ಸೋಲುವುದೂ ಬಹುಮಟ್ಟಿಗೆ ಅದನ್ನು ಬರೆಯುವ ರೀತಿಯಲ್ಲಿ. ‘ಎದುರುದಾರನು ಅರ್ಜಿದಾರಳಿಗೆ ಮಾನಸಿಕ ಮತ್ತು ದೈಹಿಕ ಹಿಂಸೆ ನೀಡುತ್ತಿದ್ದನು’ ಎಂಬ ಸಾಲು ಎಲ್ಲ ಅರ್ಜಿಯಲ್ಲೂ ಇರುತ್ತದೆ. ಅದನ್ನು ಓದಿದ ನ್ಯಾಯಾಧೀಶರಿಗೆ ಏನೂ ಕಾಣುವುದಿಲ್ಲ. ‘ಗಣೇಶ ಚೌತಿಯ ಮರುದಿನ ರಾತ್ರಿ ಊಟಕ್ಕೆ ಬಡಿಸುವುದು ತಡವಾಯಿತೆಂದು ಸೌಟಿನಿಂದ ಎಡಗೈಗೆ ಹೊಡೆದ, ಮಗಳು ನೋಡುತ್ತಿದ್ದಳು, ಪಕ್ಕದ ಮನೆಯವರು ಬಂದು ಬಿಡಿಸಿದರು’ ಎಂದರೆ ಕಾಣುತ್ತದೆ. ತಾರೀಕು ನೆನಪಿರದವರಿಗೂ ಹಬ್ಬ ನೆನಪಿರುತ್ತದೆ, ಜಾತ್ರೆ ನೆನಪಿರುತ್ತದೆ, ಕೊನೆಕೊಯ್ಲು ನಡೆಯುತ್ತಿತ್ತೋ ಬೋಟು ಬಂದರಿನಲ್ಲಿ ನಿಂತಿತ್ತೋ ಎನ್ನುವುದು ನೆನಪಿರುತ್ತದೆ. ಹಾಗೆಯೇ ಬರೆಯಿಸಿ. ಹಳೆಯ ಘಟನೆಯಾಯಿತಲ್ಲ ಎಂದು ಬಿಡಬೇಡಿ, ಈ ಅರ್ಜಿಗೆ ಒಂದು ವರ್ಷದ ಕಾಲಮಿತಿ ಅನ್ವಯಿಸುವುದಿಲ್ಲ.

ಆಸ್ಪತ್ರೆಯ ಚೀಟಿಯ ವಿಷಯದಲ್ಲಿ ಬಹಳ ಹೆಣ್ಣುಮಕ್ಕಳು ಹೆದರುತ್ತಾರೆ. ಹಣೆಗೆ ಹೊಲಿಗೆ ಬಿದ್ದಿರುತ್ತದೆ, ಚೀಟಿಯಲ್ಲಿ ಮಾತ್ರ ‘ಬಚ್ಚಲಲ್ಲಿ ಜಾರಿ ಬಿದ್ದು ಗಾಯ’ ಎಂದಿರುತ್ತದೆ. ಅವಳೇ ಹಾಗೆ ಹೇಳಿರುತ್ತಾಳೆ, ಗಂಡ ಪಕ್ಕದಲ್ಲೇ ನಿಂತಿದ್ದ. ಅದನ್ನು ಮುಚ್ಚಿಡಬಾರದು. ಯಾರ ಎದುರು, ಯಾಕೆ ಹಾಗೆ ಹೇಳಬೇಕಾಯಿತು ಎನ್ನುವುದನ್ನು ಪ್ರಮಾಣಪತ್ರದಲ್ಲಿ, ಅಂದರೆ ಅಫಿಡವಿಟ್ಟಿನಲ್ಲಿ, ನೇರವಾಗಿ ಬರೆದರೆ ಪಾಟೀ ಸವಾಲಿನಲ್ಲಿ ಎದುರಿನ ವಕೀಲರಿಗೆ ಹಿಡಿಯಲು ಏನೂ ಉಳಿಯುವುದಿಲ್ಲ. ವಾಟ್ಸಾಪಿನಲ್ಲಿ ಬಂದ ಬೈಗುಳದ ವಾಯ್ಸ್ ಮೆಸೇಜುಗಳನ್ನು ಅಳಿಸಬೇಡಿ, ಆ ಫೋನನ್ನೂ ಮಾರಬೇಡಿ.

ಈಗ ನಾನು ಮುಖ್ಯವಾಗಿ ಹೇಳಬೇಕಾದದ್ದು. ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ, ಇತ್ಯರ್ಥ ಅರವತ್ತು ದಿನದೊಳಗೆ ಆಗಲು ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ನೋಟಿಸು ಜಾರಿಯಾಗಲಿಕ್ಕೇ ತಿಂಗಳು ಹೋಗುವುದುಂಟು. ಹೊಡೆತ ತಿನ್ನುವವಳಿಗೆ ಆ ತಿಂಗಳೇ ಅತ್ಯಂತ ಅಪಾಯದ ಕಾಲ, ಅರ್ಜಿ ಹಾಕಿದ ಸಿಟ್ಟು ಅವಳ ಮೇಲೇ ತಿರುಗುತ್ತದೆ. ಆದ್ದರಿಂದ 12ನೇ ಕಲಮಿನ ಮುಖ್ಯ ಅರ್ಜಿಯ ಜೊತೆಗೇ, ಇತ್ಯರ್ಥಕ್ಕೆ ಮೊದಲೇ ರಕ್ಷಣೆ ಕೇಳುವ 23ನೇ ಕಲಮಿನ ಮಧ್ಯಂತರ ಅರ್ಜಿ, ಪ್ರಮಾಣಪತ್ರ ಸಮೇತ, ಅದೇ ದಿನ ಹೋಗಲೇಬೇಕು. ಎದುರಿನವನ ಮಾತು ಕೇಳುವ ಮೊದಲೇ ಏಕಪಕ್ಷೀಯ ಆದೇಶ ಕೊಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ‘ಮುಂದಿನ ತಾರೀಕಿಗೆ ನೋಡೋಣ’ ಎಂದು ನಿಮ್ಮ ವಕೀಲರು ಅಂದರೆ ಒಪ್ಪಬೇಡಿ, ಹಟ ಹಿಡಿಯಿರಿ.

ಬೇಡಿಕೆಯನ್ನೂ ಬಿಡಿಸಿ ಬರೆಯಬೇಕು. ಮೀನು ಮಾರಿದ ದುಡ್ಡನ್ನು ಪೇಟೆಗೇ ಬಂದು ಕಸಿದುಕೊಂಡು ಹೋಗುವವನಿದ್ದರೆ, ಅವಳು ಕೂತು ಮಾರುವ ಆ ಮಾರ್ಕೆಟ್ಟಿನ ಹೆಸರು ಅರ್ಜಿಯಲ್ಲಿರಲಿ. ಮಗುವಿನ ಶಾಲೆಯ ಹೆಸರೂ ಇರಲಿ. ಆದೇಶ ಪಾಲನೆಗೆ ಸಹಾಯ ಮಾಡುವಂತೆ ಇಂಥ ಠಾಣೆಯ ಅಧಿಕಾರಿಗೆ ನಿರ್ದೇಶನ ಕೊಡಿ ಎಂದು ಕೇಳಿ. ಕೇಳದೇ ಇದ್ದದ್ದು ಆದೇಶದಲ್ಲಿ ಬರುವುದು ಅಪರೂಪ.

ಮನೆಯ ಪ್ರಶ್ನೆ ಘಟ್ಟದ ಮೇಲೆ ಹೆಚ್ಚು. ಮನೆ, ತೋಟ ಎಲ್ಲ ಮಾವನ ಹೆಸರಿನಲ್ಲಿ, ‘ಗಂಡನದ್ದೇನೂ ಇಲ್ಲ, ನೀನು ಹೊರಡು’ ಎನ್ನುತ್ತಾರೆ. 2020ರಲ್ಲಿ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವಾದವನ್ನು ತಳ್ಳಿಹಾಕಿತು. ಸೊಸೆ ಬಾಳಿದ ಮನೆ ಅತ್ತೆ ಮಾವಂದಿರ ಹೆಸರಿನಲ್ಲಿದ್ದರೂ ಅದು ಕಾಯ್ದೆ ಹೇಳುವ ‘ಹಂಚಿಕೊಂಡ ಮನೆ’, ಅಂದರೆ ಅವಳಿಗೆ ವಾಸದ ಹಕ್ಕಿರುವ ಮನೆ, ಆಗಬಲ್ಲದು. ಅದಕ್ಕೇ, ಜೀವಕ್ಕೆ ಅಪಾಯವಿದ್ದರೆ ತಕ್ಷಣ ಹೊರಬನ್ನಿ. ಹೊರಬಂದಿರಿ ಎಂದಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. 19ನೇ ಕಲಮಿನಡಿ ವಾಸದ ಆದೇಶವನ್ನು ಅದೇ ಅರ್ಜಿಯಲ್ಲಿ ಕೇಳಬಹುದು, ಜೀವನಾಂಶವನ್ನೂ ಮಕ್ಕಳ ತಾತ್ಕಾಲಿಕ ಸುಪರ್ದಿಯನ್ನೂ ಅದರಲ್ಲೇ.

ವಕೀಲರ ಫೀಸಿನ ಚಿಂತೆ ಬೇಡ. ಆದಾಯ ಎಷ್ಟೇ ಇರಲಿ, ಮಹಿಳೆಗೆ ಕಾನೂನು ನೆರವು ಉಚಿತ. ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಅಥವಾ 15100ಕ್ಕೆ ಫೋನ್ ಮಾಡಿ. ರಾತ್ರಿ ಹೊತ್ತು ಹೊಡೆತ ಬಿದ್ದರೆ 112. ಮಹಿಳಾ ಸಹಾಯವಾಣಿ 181.

ಆದೇಶವಾದ ಮೇಲೆ ಪ್ರತಿ ನಿಮಗೂ ಠಾಣೆಗೂ ಉಚಿತವಾಗಿ ಕೊಡಬೇಕೆಂದು ಕಾಯ್ದೆಯಲ್ಲೇ ಇದೆ. ಠಾಣೆಗೆ ತಲುಪಿತೋ ಇಲ್ಲವೋ ನೀವೇ ಹೋಗಿ ವಿಚಾರಿಸಿ, ಒಂದು ಜೆರಾಕ್ಸ್ ತವರಿನಲ್ಲಿರಲಿ, ಒಂದು ಫೋಟೊ ಫೋನಿನಲ್ಲಿರಲಿ. ಅವನು ಮತ್ತೆ ಕೈ ಎತ್ತಿದರೆ ಹೊಸ ಮುಚ್ಚಳಿಕೆಗೆ ಸಹಿ ಹಾಕಬೇಡಿ. ಆದೇಶದ ಪ್ರತಿ ಮುಂದಿಟ್ಟು, 31ನೇ ಕಲಮಿನಡಿ ಕೇಸು ದಾಖಲಿಸಿ ಎಂದು ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸಾಕ್ಷಿ ಯಾರೂ ಇಲ್ಲವಲ್ಲ ಎಂದು ಠಾಣೆಯಲ್ಲಿ ಕೇಳಿದರೆ, ಆ ಅಪರಾಧಕ್ಕೆ ನೊಂದವಳೊಬ್ಬಳ ಸಾಕ್ಷ್ಯವನ್ನೇ ಆಧರಿಸಿ ಕೋರ್ಟು ತೀರ್ಮಾನಕ್ಕೆ ಬರಬಹುದು ಎಂದು 32ನೇ ಕಲಮಿನಲ್ಲೇ ಬರೆದಿದೆ ಎಂದು ಹೇಳಿ.