ಲಿಥಿಯಂ ಬ್ಯಾಟರಿಯಿಂದ ಲಿಥಿಯಂ ಕೊನೆಗೇಕೆ ಸಿಗುತ್ತದೆ?

ಲಿಥಿಯಂ-ಅಯಾನ್ ಬ್ಯಾಟರಿಯ ಮರುಬಳಕೆಯನ್ನು ಓದುವಾಗ ಒಂದು ಪ್ರಶ್ನೆ ಇಟ್ಟುಕೊಂಡರೆ ಇಡೀ ಪಾಠ ಸಲೀಸಾಗುತ್ತದೆ: ಬ್ಯಾಟರಿಗೆ ಯಾವ ಲೋಹದ ಹೆಸರಿದೆಯೋ ಅದೇ ಕೊನೆಯಲ್ಲಿ ಕೈಗೆ ಸಿಗುವುದೇಕೆ?

ಮೊದಲು ತೂಕ ನೋಡೋಣ. 1991ರಲ್ಲಿ ಸೋನಿ ಮಾರುಕಟ್ಟೆಗೆ ತಂದ ಬ್ಯಾಟರಿಯ ಕ್ಯಾಥೋಡ್ (ಧನ ಧ್ರುವ) ಲಿಥಿಯಂ ಕೋಬಾಲ್ಟ್ ಆಕ್ಸೈಡಿನದು. ಪರಮಾಣು ತೂಕ ಹಾಕಿ ನೀವೇ ಲೆಕ್ಕ ಮಾಡಿ: ಈ ವಸ್ತುವಿನ 100 ಗ್ರಾಂನಲ್ಲಿ ಕೋಬಾಲ್ಟ್ ಸುಮಾರು 60 ಗ್ರಾಂ, ಲಿಥಿಯಂ ಬರೀ 7 ಗ್ರಾಂ, ಉಳಿದದ್ದು ಆಕ್ಸಿಜನ್. ಮರುಬಳಕೆಯವರು ಮೊದಲಿನಿಂದ ಕೋಬಾಲ್ಟ್, ನಿಕಲ್, ತಾಮ್ರದ ಬೆನ್ನು ಹತ್ತಿದ್ದು ಸಹಜವೇ.

ಒಡೆಯುವ ಮುಂಚೆ ಉಳಿದ ಚಾರ್ಜ್ ಇಳಿಸಬೇಕು, ಇಲ್ಲವಾದರೆ ಶಾರ್ಟ್ ಆಗಿ ಬೆಂಕಿ ಹೊತ್ತೀತು. ಎರಡು ಧ್ರುವಗಳ ನಡುವೆ ತುಂಬಿರುವ ದ್ರವದ, ಅಂದರೆ ಎಲೆಕ್ಟ್ರೋಲೈಟಿನ, ಉಪ್ಪಿಗೆ ತೇವ ತಾಗಿದರೆ ವಿಷಕಾರಿ ಹೈಡ್ರೋಜನ್ ಫ್ಲೋರೈಡ್ ಹುಟ್ಟುತ್ತದೆ. (ದಯವಿಟ್ಟು ಮನೆಯಲ್ಲಿ ಬಿಚ್ಚಿ ನೋಡಲು ಹೋಗಬೇಡಿ.) ಆಮೇಲೆ ಚೂರು ಮಾಡಿ ಜರಡಿ ಹಿಡಿದರೆ ತಾಮ್ರ, ಅಲ್ಯೂಮಿನಿಯಂ ಹಾಳೆಗಳ ಚೂರು ಬಹುಪಾಲು ಬೇರೆಯಾಗಿ ಕಪ್ಪು ಪುಡಿ ಉಳಿಯುತ್ತದೆ. ಬ್ಲ್ಯಾಕ್ ಮಾಸ್ ಎಂದರೆ ಇದೇ. ಕ್ಯಾಥೋಡಿನ ಆಕ್ಸೈಡೂ ಆನೋಡಿನ (ಋಣ ಧ್ರುವದ) ಗ್ರಾಫೈಟೂ ಇದರಲ್ಲಿ ಬೆರೆತಿರುತ್ತವೆ.

ಲೋಹಗಳನ್ನು ಬೇರ್ಪಡಿಸಲು ಮುಖ್ಯವಾಗಿ ಎರಡು ದಾರಿಗಳಿವೆ: ಕುಲುಮೆ ಮತ್ತು ಆಮ್ಲ. ಕುಲುಮೆಯ ದಾರಿಯಲ್ಲಿ ಸುಮಾರು 1400 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅಲ್ಲಿ ಕಾರ್ಬನ್ನು ಕೋಬಾಲ್ಟ್, ನಿಕಲ್‌ಗಳಿಂದ ಆಕ್ಸಿಜನ್ ಕಿತ್ತುಕೊಳ್ಳುತ್ತದೆ, ಅವು ತಾಮ್ರದೊಂದಿಗೆ ಮಿಶ್ರಲೋಹವಾಗಿ ತಳ ಸೇರುತ್ತವೆ. ಲಿಥಿಯಂ ಮಾತ್ರ ತನ್ನ ಆಕ್ಸಿಜನ್ನನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಅಲ್ಯೂಮಿನಿಯಂ ಜೊತೆ ಅದರ ಹೆಚ್ಚಿನ ಪಾಲು ಕರಗಿದ ಲೋಹದ ಮೇಲೆ ತೇಲುವ ಕಿಟ್ಟಕ್ಕೆ ಹೋಗುತ್ತದೆ. ಗ್ರಾಫೈಟ್ ಸುಟ್ಟೇ ಹೋಗುತ್ತದೆ.

ಆಮ್ಲದ ದಾರಿ ನನಗೆ ಹೆಚ್ಚು ಇಷ್ಟ, ಏಕೆಂದರೆ ರಸಾಯನಶಾಸ್ತ್ರ ಇಲ್ಲಿ ಕಣ್ಣಿಗೆ ಕಾಣುತ್ತದೆ. ಕಪ್ಪು ಪುಡಿಯನ್ನು ಸಲ್ಫ್ಯೂರಿಕ್ ಆಮ್ಲ ಮತ್ತು ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಕರಗಿಸುತ್ತಾರೆ. ನಾನು ಬಹಳ ದಿನ ತಡವರಿಸಿದ್ದು ಇಲ್ಲೇ: ಪೆರಾಕ್ಸೈಡ್ ಉತ್ಕರ್ಷಣಕಾರಿ, ಅಂದರೆ ಬೇರೆಯದರಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುವ ವಸ್ತು, ಅಲ್ಲವೇ? ಇಲ್ಲಿ ಅದರ ಪಾತ್ರ ತಿರುವುಮುರುವು. ಕೋಬಾಲ್ಟ್ ಮೂರು ಧನ ಆವೇಶದ ಸ್ಥಿತಿಯಲ್ಲಿ ಹರಳಿಗೆ ಗಟ್ಟಿಯಾಗಿ ಅಂಟಿರುತ್ತದೆ. ಪೆರಾಕ್ಸೈಡ್ ಅದಕ್ಕೆ ಎಲೆಕ್ಟ್ರಾನ್ ಕೊಟ್ಟು ಎರಡಕ್ಕೆ ಇಳಿಸಿ, ತಾನು ಆಕ್ಸಿಜನ್ ಅನಿಲವಾಗಿ ಗುಳ್ಳೆಯೇಳುತ್ತದೆ. ಎರಡರ ಸ್ಥಿತಿಗೆ ಬಂದ ಕೋಬಾಲ್ಟ್ ಆಮ್ಲದಲ್ಲಿ ಸುಲಭವಾಗಿ ಕರಗುತ್ತದೆ. ಅಂದರೆ ಪೆರಾಕ್ಸೈಡ್ ಇಲ್ಲಿ ಎಲೆಕ್ಟ್ರಾನ್ ಕೊಡುವ ಅಪಕರ್ಷಣಕಾರಿ. ಪರೀಕ್ಷೆಗೂ ಇದು ಒಳ್ಳೆಯ ಉದಾಹರಣೆ.

ಮುಂದೆ ಕೋಬಾಲ್ಟ್, ನಿಕಲ್‌ಗಳನ್ನು ಸಾವಯವ ದ್ರಾವಕಗಳಿಂದ ಒಂದೊಂದಾಗಿ ಬೇರ್ಪಡಿಸುತ್ತಾರೆ. ಲಿಥಿಯಂ ಸಾಮಾನ್ಯವಾಗಿ ಕೊನೆಯವರೆಗೂ ನೀರಲ್ಲೇ ಇರುತ್ತದೆ. ಅದಕ್ಕೆ ಸೋಡಿಯಂ ಕಾರ್ಬೊನೇಟ್ ಸೇರಿಸಿ ಬಿಸಿ ಮಾಡಿದರೆ ಲಿಥಿಯಂ ಕಾರ್ಬೊನೇಟ್ ಬಿಳಿ ಪುಡಿಯಾಗಿ ತಳಕ್ಕಿಳಿಯುತ್ತದೆ. ಬಿಸಿ ಮಾಡುವುದೇಕೆ? ಸಕ್ಕರೆ ಬಿಸಿನೀರಿನಲ್ಲಿ ಹೆಚ್ಚು ಕರಗಿದರೆ, ಈ ಲವಣ ಕಡಿಮೆ ಕರಗುತ್ತದೆ. 100 ಮಿಲಿಲೀಟರ್ ನೀರಿನಲ್ಲಿ 0 ಡಿಗ್ರಿಯಲ್ಲಿ ಸುಮಾರು ಒಂದೂವರೆ ಗ್ರಾಂ ಕರಗುವುದು 100 ಡಿಗ್ರಿಗೆ ಬರುವಷ್ಟರಲ್ಲಿ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಆಗಲೂ ಕರಗಿಯೇ ಉಳಿಯುವ ಆ ಸ್ವಲ್ಪ ಲಿಥಿಯಂ ನಷ್ಟದ ಬಾಬತ್ತು.

ಲಿಥಿಯಂ ಐರನ್ ಫಾಸ್ಫೇಟ್ ಕ್ಯಾಥೋಡಿಗೆ ಬಂದರೆ ಲೆಕ್ಕವೇ ಬದಲು. ಕೋಬಾಲ್ಟೂ ಇಲ್ಲ, ನಿಕಲ್ಲೂ ಇಲ್ಲ. ಲಿಥಿಯಂ ತೂಕದಲ್ಲಿ ಶೇ. 4.4 ಮಾತ್ರ. ಕುಲುಮೆಗೆ ಹಾಕಿದರೆ ಶಾಖದ ಖರ್ಚೂ ಹುಟ್ಟುವುದು ಕಷ್ಟ. ಆದರೆ ಇಂಥ ಹಳೆಯ ಕ್ಯಾಥೋಡಿನ ಹರಳು ಬಹುತೇಕ ಹಾಗೇ ಇರುತ್ತದೆ, ಕಳೆದುಕೊಂಡಿರುವುದು ಒಂದಿಷ್ಟು ಲಿಥಿಯಂ ಅಷ್ಟೇ. ಅದು ಆನೋಡಿನ ಮೇಲೆ ಬೆಳೆದ ಪದರದಲ್ಲಿ ಸಿಕ್ಕಿಕೊಂಡಿರುತ್ತದೆ. ಹಾಗಾಗಿ ಹರಳನ್ನು ಒಡೆಯದೆ, ಲಿಥಿಯಂ ಲವಣದ ದ್ರಾವಣದಲ್ಲಿ ಕಾಯಿಸಿ ಖಾಲಿ ಜಾಗಗಳನ್ನು ಮತ್ತೆ ತುಂಬುವ ವಿಧಾನವೂ ಇದೆ. ಅದನ್ನು ನೇರ ಮರುಬಳಕೆ ಎನ್ನುತ್ತಾರೆ.