ಹಸಿರು ಬ್ಯಾಕ್ಟೀರಿಯಾ, ಕೆಂಪು ಬ್ಯಾಕ್ಟೀರಿಯಾ

ಕೀಲುವಾತದ ಚಿಕಿತ್ಸೆಗೆ ಬರುವವರಲ್ಲಿ ಕೆಲವರು ಈಚೆಗೆ ರಕ್ತ ಪರೀಕ್ಷೆಯ ಜೊತೆ ಇನ್ನೊಂದು ವರದಿಯನ್ನೂ ಮೇಜಿನ ಮೇಲೆ ಇಡುತ್ತಾರೆ. ಮಲದ ಮಾದರಿ ನೋಡಿ ಕರುಳಿನ ಬ್ಯಾಕ್ಟೀರಿಯಾಗಳನ್ನು ಪಟ್ಟಿ ಮಾಡಿದ ವರದಿ ಅದು. ಕೆಲವು ಹೆಸರಿಗೆ ಹಸಿರು ಬಣ್ಣ, ಕೆಲವಕ್ಕೆ ಕೆಂಪು. ‘ಡಾಕ್ಟ್ರೇ, ಈ ಕೆಂಪಿನವು ಹೋದರೆ ನೋವೂ ಹೋಗುತ್ತೆ ಅಲ್ವಾ?’ ಅಂತ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಆ ಬಣ್ಣಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ನಮ್ಮ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಅನ್ನುತ್ತದೆ 2016ರ ಒಂದು ಲೆಕ್ಕ. ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ. ಎಲ್ಲ ಸೇರಿಸಿ ತೂಗಿದರೆ 200 ಗ್ರಾಂ ಆಸುಪಾಸು. (ನಮ್ಮ ಕೋಶಗಳಿಗಿಂತ ಅವು ಹತ್ತು ಪಟ್ಟು ಜಾಸ್ತಿ ಅನ್ನುವುದು ಹಳೇ ಅಂದಾಜು. ಎರಡೂ ಹೆಚ್ಚುಕಡಿಮೆ ಸಮ.) ಅವಕ್ಕೂ ನಮಗೂ ನಡುವೆ ಇರುವುದು ಒಂದೇ ಕೋಶದಷ್ಟು ದಪ್ಪದ ಪದರ, ಅದರ ಮೇಲೆ ಲೋಳೆ, ಅಷ್ಟೇ. ಪದರದ ಈಚೆಗೆ ರೋಗನಿರೋಧಕ ಕೋಶಗಳು ಕಿಕ್ಕಿರಿದು ಕೂತಿವೆ. ಎದುರು ಕಂಡದ್ದನ್ನೆಲ್ಲ ಹೊಡೆಯುತ್ತಾ ಹೋದರೆ ಕರುಳೇ ಉಳಿಯುವುದಿಲ್ಲ. ಯಾರನ್ನು ಸುಮ್ನೆ ಬಿಡಬೇಕು, ಯಾರ ಮೇಲೆ ಬೀಳಬೇಕು ಅನ್ನುವುದನ್ನು ಅವು ಕಲಿಯಬೇಕು. ಕಲಿಸುವುದರಲ್ಲಿ ಬ್ಯಾಕ್ಟೀರಿಯಾಗಳ ಪಾಲು ದೊಡ್ಡದು. ಹುಟ್ಟಿನಿಂದ ಒಂದೂ ಸೂಕ್ಷ್ಮಾಣು ಸೋಕದ ಹಾಗೆ ಬೆಳೆಸಿದ ಇಲಿಗಳಲ್ಲಿ ಕರುಳಿನ ರೋಗನಿರೋಧಕ ವ್ಯವಸ್ಥೆ ಅರ್ಧಂಬರ್ಧವಾಗಿಯೇ ಉಳಿಯುತ್ತದೆ.

ಕಲಿಸುವ ಒಂದು ದಾರಿ ಚೆನ್ನಾಗಿ ಗೊತ್ತಿದೆ. ಆಹಾರದ ನಾರನ್ನು ನಾವು ಜೀರ್ಣಿಸಲಾರೆವು. ಕ್ಲಾಸ್ಟ್ರಿಡಿಯಾ ಗುಂಪಿನ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಬ್ಯುಟಿರೇಟ್ ಎಂಬ ಸಣ್ಣ ಅಣುವನ್ನು ಮಾಡುತ್ತವೆ. ಟಿ-ರೆಗ್ ಎಂಬ ಕೋಶಗಳು ಹೆಚ್ಚಲು ಬ್ಯುಟಿರೇಟ್ ನೆರವಾಗುತ್ತದೆ ಎಂದು 2013ರಲ್ಲಿ ಇಲಿಗಳಲ್ಲಿ ತೋರಿಸಿದರು. ಉಳಿದ ಕೋಶಗಳು ಅತಿಯಾಗಿ ಕೆರಳದಂತೆ ತಡೆಯುವುದು ಟಿ-ರೆಗ್ ಕೆಲಸ. ಅಂದ ಹಾಗೆ, ಜೀವಕ್ಕೇ ಕುತ್ತು ತರಬಲ್ಲ ಭೇದಿಗೆ ಕಾರಣವಾಗುವ ಕ್ಲಾಸ್ಟ್ರಿಡಿಯಮ್ ಡಿಫಿಸಿಲ್‌ಗೂ ಹೆಸರು ಬಂದದ್ದು ಇದೇ ಬಳಗದಿಂದ. ವರದಿಯಲ್ಲಿ ಬರೀ ‘ಕ್ಲಾಸ್ಟ್ರಿಡಿಯಾ ಜಾಸ್ತಿ’ ಅಂತಿದ್ದರೆ ಅದಕ್ಕೆ ಯಾವ ಬಣ್ಣ ಕೊಡೋಣ?

ಇನ್ನೂ ಒಳ್ಳೆಯ ಉದಾಹರಣೆ ಇದೆ. ಇಲಿಗಳ ಸಣ್ಣ ಕರುಳಿನ ಗೋಡೆಗೆ ದಾರದ ಹಾಗೆ ಅಂಟಿಕೊಳ್ಳುವ ಸೆಗ್ಮೆಂಟೆಡ್ ಫಿಲಮೆಂಟಸ್ ಬ್ಯಾಕ್ಟೀರಿಯಾ. ಅದು ಬಂದರೆ ಉರಿಯೂತ ಹೆಚ್ಚಿಸುವ ಟಿಎಚ್-17 ಕೋಶಗಳು ಏಳುತ್ತವೆ. ಅದರಿಂದ ಕರುಳಿನ ಸೋಂಕು ತಡೆಯುವ ಶಕ್ತಿ ಹೆಚ್ಚುತ್ತದೆ. ಆದರೆ ಸಂಧಿವಾತದ ಒಲವಿರುವ ತಳಿಯ ಇಲಿಗೆ ಅದೇ ಬ್ಯಾಕ್ಟೀರಿಯಾ ಸೇರಿದರೆ ಕೀಲು ಊದುತ್ತದೆ. ಅದಿನ್ನೊಂದು ತಳಿಗೆ, ಅಂದರೆ ಟೈಪ್ 1 ಮಧುಮೇಹದ ಒಲವಿರುವ ಹೆಣ್ಣಿಲಿಗಳಿಗೆ, ಸೇರಿದರೆ ಮಧುಮೇಹದಿಂದ ರಕ್ಷಣೆ! ಬ್ಯಾಕ್ಟೀರಿಯಾ ಒಂದೇ, ಮನೆ ಬೇರೆ.

ಮನುಷ್ಯರಲ್ಲಿ ವಿಷಯ ಇನ್ನೂ ಗೋಜಲು. ರೋಗನಿರೋಧಕ ಕೋಶಗಳು ನಮ್ಮದೇ ಕೀಲುಗಳ ಮೇಲೆ ಬೀಳುವ ಕೀಲುವಾತ, ಅಂದರೆ ರುಮಟಾಯ್ಡ್ ಆರ್ಥ್ರೈಟಿಸ್, ಹೊಸದಾಗಿ ಶುರುವಾಗಿ ಇನ್ನೂ ಔಷಧ ತೆಗೆದುಕೊಳ್ಳದವರಲ್ಲಿ 75% ಮಂದಿಯ ಕರುಳಿನಲ್ಲಿ ಪ್ರಿವೊಟೆಲ್ಲಾ ಕೋಪ್ರಿ ಎಂಬ ಬ್ಯಾಕ್ಟೀರಿಯಾ ಕಂಡಿತು ಎಂದು 2013ರ ಅಧ್ಯಯನವೊಂದು ಹೇಳಿತು. ಸುದ್ದಿಯಾಯಿತು. ಅದೇ ಅಧ್ಯಯನದ ಆರೋಗ್ಯವಂತರಲ್ಲೂ 21% ಮಂದಿಯಲ್ಲಿ ಅದಿತ್ತು, ಅದು ಸುದ್ದಿಯಾಗಲಿಲ್ಲ. ಬ್ಯಾಕ್ಟೀರಿಯಾದಿಂದ ಕಾಯಿಲೆ ಬಂತೋ, ಕಾಯಿಲೆಯ ಉರಿಯೂತದಲ್ಲಿ ಅದಕ್ಕೆ ಜಾಗ ಸಿಕ್ಕಿತೋ ಅಂತ ಒಂದು ಸಲದ ಮಲ ಪರೀಕ್ಷೆ ಹೇಳಲಾರದು.

ಹಾಗಂತ ಇದೆಲ್ಲ ಬರೀ ಇಲಿಗಳ ಕಥೆ ಅಲ್ಲ. ನಾವು ದಿನಾ ಬರೆಯುವ ಸಲ್ಫಾಸಲಜೀನ್ ಮಾತ್ರೆಯನ್ನೇ ನೋಡಿ. 1940ರ ಹೊತ್ತಿಗೆ ಸ್ವೀಡನ್ನಿನ ವೈದ್ಯೆ ನಾನ್ನಾ ಸ್ವಾರ್ಟ್ಸ್ ಕೀಲುವಾತಕ್ಕೆಂದು ಬಳಕೆಗೆ ತಂದ ಔಷಧ. ಎರಡು ಅಣುಗಳನ್ನು ಜೋಡಿಸಿ ಮಾಡಿದ್ದು. ಹೊಟ್ಟೆಯಲ್ಲಿ, ಸಣ್ಣ ಕರುಳಿನಲ್ಲಿ ಆ ಜೋಡಣೆ ಅಷ್ಟಾಗಿ ಬಿಡಿಸಿಕೊಳ್ಳುವುದಿಲ್ಲ. ದೊಡ್ಡ ಕರುಳಿಗೆ ಬಂದ ಮೇಲೆ ಅಲ್ಲಿನ ಬ್ಯಾಕ್ಟೀರಿಯಾಗಳ ಕಿಣ್ವ ಅದನ್ನು ಕತ್ತರಿಸುತ್ತದೆ. ಒಂದು ತುಂಡು ರಕ್ತಕ್ಕೆ ಸೇರುತ್ತದೆ, ಇನ್ನೊಂದು ಬಹುಪಾಲು ಕರುಳಿನಲ್ಲೇ ಉಳಿದು ಅಲ್ಲಿನ ಉರಿಯೂತ ತಗ್ಗಿಸುತ್ತದೆ. ಸೂಕ್ಷ್ಮಾಣುಗಳೇ ಇಲ್ಲದ ಇಲಿಗಳಿಗೆ ಕೊಟ್ಟರೆ ಔಷಧ ತುಂಡಾಗುವುದೇ ಇಲ್ಲ. ಮಾತ್ರೆ ನಮ್ಮದು, ಬಿಡಿಸುವ ಕೈ ಅವುಗಳದು.

ಈಗ ಎಲ್ಲರೂ ಕೇಳುವ ಪ್ರೋಬಯಾಟಿಕ್, ಅಂದರೆ ಒಳ್ಳೆಯದೆಂದು ನುಂಗುವ ಜೀವಂತ ಬ್ಯಾಕ್ಟೀರಿಯಾ. 2018ರ ಒಂದು ಪ್ರಯೋಗದಲ್ಲಿ, ಆಂಟಿಬಯಾಟಿಕ್ ಮುಗಿಸಿ ಪ್ರೋಬಯಾಟಿಕ್ ತೆಗೆದುಕೊಂಡವರಲ್ಲಿ ತಮ್ಮದೇ ಬ್ಯಾಕ್ಟೀರಿಯಾಗಳು ಮರಳುವುದು ತಡವಾಯಿತು. ಏನೂ ತೆಗೆದುಕೊಳ್ಳದವರಲ್ಲಿ ಬೇಗ ಮರಳಿದವು. ಇನ್ನು ಆರೋಗ್ಯವಂತರ ಮಲವನ್ನು ಸಂಸ್ಕರಿಸಿ ರೋಗಿಯ ಕರುಳಿಗೆ ಸೇರಿಸುವ ಚಿಕಿತ್ಸೆ. ಮರುಕಳಿಸುವ ಡಿಫಿಸಿಲ್ ಸೋಂಕಿಗೆ ಅದು ಚೆನ್ನಾಗಿ ನಾಟುತ್ತದೆ. ಅದನ್ನೇ ಸೋರಿಯಾಟಿಕ್ ಆರ್ಥ್ರೈಟಿಸ್‌ಗೆ (ಸೋರಿಯಾಸಿಸ್ ಎಂಬ ಚರ್ಮರೋಗದ ಜೊತೆ ಬರುವ ಕೀಲುವಾತ) ಡೆನ್ಮಾರ್ಕ್‌ನಲ್ಲಿ ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ನಿಜವಾದ ಚಿಕಿತ್ಸೆ ಪಡೆದವರಿಗಿಂತ ತೋರಿಕೆಯ ಚಿಕಿತ್ಸೆ ಪಡೆದವರೇ ವಾಸಿ ಅನ್ನುವ ಹಾಗಾಯಿತು. ಚಿಕ್ಕ ಪ್ರಯೋಗ ಅದು, ಆದರೂ ಹುಷಾರಾಗಿರಲು ಸಾಕು.

ಹಾಗಾಗಿ ನನ್ನ ಚೀಟಿಯಲ್ಲಿ ಮೊದಲು ಬರುವುದು ಮೆಥೊಟ್ರೆಕ್ಸೇಟೋ ಇನ್ನೊಂದೋ, ಕಾಯಿಲೆಗೆ ತಕ್ಕ ಔಷಧವೇ. ಅದನ್ನು ನಿಲ್ಲಿಸಿ ಕರುಳು ಸರಿಮಾಡಿಕೊಳ್ಳುತ್ತೇನೆ ಅಂತ ಹೊರಟರೆ ಅಷ್ಟರಲ್ಲಿ ಕೀಲಿನ ಮೂಳೆ ಸವೆಯಬಹುದು, ಸವೆದದ್ದು ಮರಳುವುದಿಲ್ಲ. ಬೇಡದ ಆಂಟಿಬಯಾಟಿಕ್ ಬೇಡ, ನಾರಿನ ಆಹಾರ ಜಾಸ್ತಿ ಮಾಡಿ ಅಂತ ಹೇಳುತ್ತೇನೆ. ಒಮ್ಮೆಲೇ ಅಲ್ಲ, ಕೆಲವು ವಾರಗಳಲ್ಲಿ ನಿಧಾನವಾಗಿ. ಇಲ್ಲದಿದ್ದರೆ ಹೊಟ್ಟೆ ಉಬ್ಬರಿಸಿ ಬಿಟ್ಟುಬಿಡುತ್ತೀರಿ. ಕ್ರೋನ್ಸ್ ಎಂಬ ಕರುಳಿನ ಉರಿಯೂತದ ಕಾಯಿಲೆಯಿಂದ ಕರುಳು ಕಿರಿದಾಗಿರುವವರು ಮಾತ್ರ ನಾರಿನ ವಿಷಯದಲ್ಲೂ ತಮ್ಮ ವೈದ್ಯರನ್ನು ಮೊದಲು ಕೇಳಬೇಕು. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧದಲ್ಲಿರುವವರು ಪ್ರೋಬಯಾಟಿಕ್ ಶುರು ಮಾಡುವ ಮೊದಲೂ ಅಷ್ಟೇ.